ಬೀಗರೂರಿನ ಸಮುದ್ರ

ಮಧುಗಿರಿ ಬಸ್‌ ಸ್ಟ್ಯಾಂಡ್ ದಾಟಿದರೆ ಸಾಕು, ನಮ್ಮ ಮನೆಯವರಿಗೆ ಏನಾದರೊಂದು ಎಡವಟ್ಟು ಕಾದೇ ಇರುತ್ತದೆ. ಶಿರಾಕ್ಕೆ ಮದುವೆಗೆಂದು ಹೋಗಿ, ಯಾರದೋ ಮದುವೆಯಲ್ಲಿ ಉಂಡು, ಫೋಟೋಗೂ ನಿಂತು ಬಂದವರು ನಾವು. ಇಂಥವರು ಗ್ರೀಸ್ ದೇಶದ ದ್ವೀಪಕ್ಕೆ ಹೋದರೆ ಏನಾಗಬೇಕೋ ಅದೇ ಆಯಿತು.

ಹೋಗಿದ್ದು ಯಾಕೆಂದರೆ, ಪಾವಗಡದ ಕಡೆ ರಾಯಚರ್ಲುವಿನಲ್ಲಿರುವ ನನ್ನ ಅಕ್ಕನಿಗೆ ಒಬ್ಬಳೇ ಮಗಳು. ಅವಳು ಅಲ್ಲಿನ ಸೋಲಾರ್ ಪಾರ್ಕಿನ ಆಫೀಸಿನಲ್ಲಿದ್ದಳು. ಅಲ್ಲಿಗೆ ಕೆಲಸಕ್ಕೆ ಬಂದ ಗ್ರೀಕ್ ಎಂಜಿನಿಯರನ್ನು ಮೆಚ್ಚಿ ಮದುವೆಯಾಗಿ, ಅವನ ಊರಿಗೆ ಹೊರಟೂ ಹೋದಳು. ಹುಡುಗನ ತಾಯಿಗೆ ವಿಮಾನವೆಂದರೆ ಭಯ, ಮದುವೆಗೆ ಬರಲಿಲ್ಲ. ಫೋನನ್ನಂತೂ ಮುಟ್ಟುವವಳೇ ಅಲ್ಲ. ನಾವು ನೋಡಿದ್ದು ಅಳಿಯನ ಎಳವೆಯ ಫೋಟೋ ಒಂದರಲ್ಲಿ ಹೂವಿನ ಫ್ರಾಕು ತೊಟ್ಟು ನಿಂತಿದ್ದ ತೆಳ್ಳನೆಯ ಹೆಂಗಸನ್ನು, ಅಷ್ಟೇ.

"ಬೀಗಿತ್ತಿ ಎಂಥೋಳು ಅಂತ ನೋಡ್ದೆ ಮಗಳನ್ನ ಕೊಟ್ಬುಟ್ಟೆ ಕಣ್ಲಾ" ಎಂದು ಅಕ್ಕ ಸಿಕ್ಕಾಗಲೆಲ್ಲ ಕೊರಗುತ್ತಿದ್ದಳು. ಕೊನೆಗೆ ಮಗಳೇ ಟಿಕೆಟ್ ಮಾಡಿಸಿದಳು. ಅಕ್ಕ, ನನ್ನ ಹೆಂಡತಿ, ದೊಡ್ಡೇರಿ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿ ರಿಟೈರಾದ ನಾನು, ಮೂವರೂ ಹೊರಟೆವು. ಭಾನುವಾರ ಬೀಗರ ಊಟ, ಬೀಗಿತ್ತಿ ಗುಡ್ಡದ ಮೇಲಿನ ತಮ್ಮ ಊರಿಂದ ಇಳಿದು ಬರುವುದೂ ಅಂದೇ. ಅಲ್ಲಿಯವರೆಗೆ ಮನೆ ಮುಂದಿನ ಸಮುದ್ರ ನೋಡಿಕೊಂಡು ಸುಧಾರಿಸಿಕೊಳ್ಳಿ ಎಂದಳು ಹುಡುಗಿ.

ಎಲಾ, ಎಲಾ!

ಸಣ್ಣ ಹಳ್ಳಿ. ನಮ್ಮ ಕೆರೆಯಷ್ಟೂ ಸದ್ದು ಮಾಡದ ಸಮುದ್ರ. ಮರಳಿನ ಮೇಲೆ ಮಕ್ಕಳು ಗುಂಡಿ ತೋಡುತ್ತಿದ್ದವು, ಅಜ್ಜ ಅಜ್ಜಿಯರು ಹುಲ್ಲಿನ ಕೊಡೆಗಳ ಕೆಳಗೆ ತೂಕಡಿಸುತ್ತಿದ್ದರು. ಪಕ್ಕದಲ್ಲೇ ಒಂದು ಹೋಟೆಲು. ನಾವು ಹತ್ತಿರ ಹೋಗುತ್ತಿದ್ದಂತೆ ಅದರ ಸಪ್ಲೈಯರ್ ಹುಡುಗ ನನ್ನತ್ತ ಕೈ ಬೀಸಿ, "ಎಲಾ! ಎಲಾ!" ಎಂದು ಕೂಗಿದ.

ನನಗೆ ಮೈಯೆಲ್ಲ ಉರಿಯಿತು. ಸರ್ವೀಸು ಪೂರ್ತಿ ಮಕ್ಕಳಿಗೆ "ಎಲಾ" ಎಂದವನು ನಾನು. ನನಗೆ ಯಾರೂ ಅಂದಿರಲಿಲ್ಲ.

"ಯಾರಿಗೋ ಎಲಾ ಅಂತೀಯ? ವಯಸ್ಸಿಗೆ ಮರ್ಯಾದೆ ಬೇಡವಾ?" ಎಂದು ಗದರಿದೆ. ಅವನು ಇನ್ನಷ್ಟು ನಕ್ಕು, ಕುರ್ಚಿ ಎಳೆದು, "ಎಲಾ, ಎಲಾ, ಎಲಾ" ಎಂದ.

ಹಿಂದಿನಿಂದ ಅಕ್ಕನ ಮಗಳು ಓಡಿಬಂದಳು. "ಮಾವ, ಎಲಾ ಅಂದ್ರೆ ಇಲ್ಲಿ 'ಬನ್ನಿ' ಅಂತ!"

ನಾನು ಅವನೆಳೆದ ಕುರ್ಚಿಯಲ್ಲೇ ಕೂತೆ. ಹೆಂಡತಿ ಮಾತ್ರ ಅಲ್ಲಿದ್ದಷ್ಟು ದಿನವೂ ನನ್ನನ್ನು ಊಟಕ್ಕೆ ಕರೆದದ್ದು "ಎಲಾ" ಎಂದೇ. ಕೇಳಿದರೆ, "ಬನ್ನಿ ಅಂತ ಮರ್ಯಾದೆಯಿಂದಲೇ ಕರೀತಿದೀನಲ್ಲ" ಅನ್ನುತ್ತಿದ್ದಳು.

ಕೊಡೆಯಿಂದ ಕೊಡೆಗೆ

ಮಾರನೆಯ ದಿನ ಹೆಂಡತಿ ಕಾಲು ನೆನೆಸಲೆಂದು ಹೋಗಿ, ಜಾರಿ ಕೂತು, ಸೀರೆಯನ್ನೆಲ್ಲ ತೋಯಿಸಿಕೊಂಡಳು. ಬೇರೆ ಸೀರೆ ಉಟ್ಟು ಬಂದವಳು, ಒದ್ದೆಯದನ್ನು ಒಣಗಿಸಲು ಹುಲ್ಲಿನ ಕೊಡೆಗಳೇ ಸರಿ ಎಂದಳು. ಕೊಡೆಗಳನ್ನು ನೋಡಿಕೊಳ್ಳುವವನು ಅಲ್ಲೇ ನಿಂತಿದ್ದ. ಸೀರೆ ತೋರಿಸಿ, ಕೊಡೆ ತೋರಿಸಿ, ಕಟ್ಟಲಾ ಎಂದು ಸನ್ನೆ ಮಾಡಿದಳು.

"ಓಹಿ" ಎಂದ.

"ಓಕೆ ಅಂದ, ಹಿಡ್ಕೊಳ್ಳಿ" ಎಂದಳು. ಮೊದಲ ಕೊಡೆಗೆ ಒಂದು ತುದಿ ಕಟ್ಟಿದೆವು.

"ಓಹಿ, ಓಹಿ!" ಎಂದ.

"ಎಷ್ಟು ಒಳ್ಳೆಯವನು ನೋಡಿ!" ಎರಡನೆಯದಕ್ಕೂ ಗಂಟು ಹಾಕಿದೆವು.

ಅವನು ಎರಡೂ ಕೈ ಎತ್ತಿ "ಓಹಿ! ಓಹಿ! ಓಹಿ!" ಎಂದು ಕೂಗತೊಡಗಿದ. ಇಷ್ಟು ಉತ್ಸಾಹ ತೋರಿಸುವಾಗ ಬೇಜಾರು ಮಾಡಬಾರದೆಂದು ಮೂರನೆಯ ಕೊಡೆಗೂ ಎಳೆದು ಬಿಗಿದೆವು. ಕೆಳಗೆ ಮಲಗಿದ್ದ ಸಂಸಾರವೊಂದು ಸೀರೆಯೊಳಗೆ ಕಾಣೆಯಾಯಿತು.

ಅಕ್ಕನ ಮಗಳು ಬಂದು ಅವನ ಕ್ಷಮೆ ಕೇಳಿ, ಗಂಟು ಬಿಚ್ಚುತ್ತಾ ಹೇಳಿದಳು, "ಓಹಿ ಅಂದ್ರೆ ಬೇಡ ಅಂತ, ಅತ್ತೆ."

"ಹಂಗಾದ್ರೆ ಹೌದು ಅನ್ನೋಕೆ ಏನಂತಾರೆ?"

"ನೇ."

ಹೆಂಡತಿ ಸೀರೆ ಮಡಿಸುವುದನ್ನು ನಿಲ್ಲಿಸಿದಳು. "ಬೇಡ ಅಂದ್ರೆ ಓಕೆ ಅಂದಂಗೆ ಕೇಳುತ್ತೆ, ಹೌದು ಅಂದ್ರೆ ನೋ ಅಂದಂಗೆ ಕೇಳುತ್ತೆ. ಅಲ್ಲ ಕಣಮ್ಮ, ನಿನ್ನ ಗಂಡ ಮದುವೆಗೆ ಒಪ್ಪಿದ್ನೋ ಇಲ್ವೋ, ಸರಿಯಾಗಿ ಕೇಳಿಸ್ಕೊಂಡಿದ್ದೀಯಾ?"

ಮುಳುಗಿದೆ

ಶನಿವಾರ ಅಕ್ಕ ನೀರಿಗಿಳಿದಳು. ಸಮುದ್ರ ಎಂದಮೇಲೆ ಆಳ ಇರಲೇಬೇಕು, ಅದನ್ನು ನೋಡಬೇಕೆಂದು ಅವಳ ಹಟ. ಸೀರೆ ಎತ್ತಿ ಕಟ್ಟಿ ನಡೆದಳು, ನಡೆದಳು, ನಡೆಯುತ್ತಲೇ ಹೋದಳು. ದಡದಿಂದ ನೋಡಿದರೆ ಅವಳ ತಲೆ ಕಡ್ಲೆಕಾಯಿಯಷ್ಟು ಕಾಣುತ್ತಿತ್ತು.

"ಅಕ್ಕಾ, ಬಾ ಇತ್ಲಾಗೆ!" ಎಂದೆ. ಕೇಳಿಸಲಿಲ್ಲ. ಅಷ್ಟರಲ್ಲಿ ಅವಳು ಪಟಕ್ಕನೆ ಬಗ್ಗಿದಳು, ತಲೆ ಕಾಣಲಿಲ್ಲ.

ನನಗೆ ಈಜು ಬರುವುದಿಲ್ಲ. ಆದರೂ ಒಬ್ಬಳೇ ಅಕ್ಕ, ಪ್ಯಾಂಟು ಶರ್ಟಿನಲ್ಲೇ ಓಡಿದೆ. ಕಾಲಿಗೇನೋ ಸಿಕ್ಕಿ ಮುಗ್ಗರಿಸಿ ಬಿದ್ದೆ. ಬಾಯಿಗೆಲ್ಲ ಉಪ್ಪು ನೀರು. ಕಣ್ಣು ಮುಚ್ಚಿ ಕೈಕಾಲು ಬಡಿಯುತ್ತಾ, "ಮುಳುಗ್ದೆ! ಯಾರಾದ್ರೂ ಬನ್ರೋ! ಮುಳುಗ್ದೆ!" ಎಂದು ಅರಚಿದೆ.

ಯಾರೋ ಹೆಗಲು ತಟ್ಟಿದರು. ಕಣ್ಣು ಬಿಟ್ಟರೆ ಅಂಗನವಾಡಿ ವಯಸ್ಸಿನ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತಿದ್ದಾಳೆ. ನೀರು ಅವಳ ಸೊಂಟಕ್ಕೂ ಬಂದಿಲ್ಲ. ನನ್ನನ್ನೇ ಮರುಕದಿಂದ ನೋಡಿ, ಮುಳುಗದಿರಲೆಂದು ತೋಳಿಗೆ ತೊಟ್ಟಿದ್ದ ಗಾಳಿಚೀಲ ಕಳಚಿ, ನನ್ನ ಬೆರಳಿಗೆ ತೊಡಿಸಿ ಹೋದಳು.

ಅಕ್ಕ ಕಪ್ಪೆಚಿಪ್ಪು ಆರಿಸಿಕೊಂಡು ನಿಧಾನವಾಗಿ ವಾಪಸು ಬಂದಳು. ನಾನಿನ್ನೂ ನೀರಲ್ಲೇ ಕೂತಿದ್ದೆ. "ಲೇ, ಮೊಣಕಾಲುದ್ದ ನೀರಲ್ಲಿ ಅಂಗ್ಯಾಕ್ ಬಡ್ಕೊಂತಿದ್ದೆ? ಬೀಗರ ಊರು ಕಣ್ಲಾ, ಮಾನ ಉಳ್ಸು" ಎಂದಳು.

ಭಾನುವಾರದ ಬೀಗರೂಟ

ಭಾನುವಾರ ಬೆಳಿಗ್ಗೆಯೇ ಅಕ್ಕ ಒಳಗೂ ಹೊರಗೂ ಓಡಾಡತೊಡಗಿದಳು. ಅಳಿಯ ಗುಡ್ಡದ ಮೇಲಿನ ಊರಿಂದ ತಾಯಿಯನ್ನು ಕರೆತರಲು ಅಕ್ಕನ ಮಗಳ ಜೊತೆ ಹೋಗಿದ್ದ. "ಏನ್ ಮಾತಾಡ್ಲಿ? ನಮ್ಮನ್ನ ನೋಡಿ ಆಡ್ಕೊಂಡ್ರೆ? ನಾಳೆ ನನ್ನ ಮಗಳಿಗೆ ಹೇಳಿ ತೋರ್ಸಿದ್ರೆ?" ಮನೆಯೊಳಗೆ ಕೂರಲಾರದೆ, ಬೀಗಿತ್ತಿಗೆಂದು ತಂದಿದ್ದ ರೇಷ್ಮೆ ಸೀರೆ, ಕಡ್ಲೆಬೀಜದ ಉಂಡೆಗಳ ಚೀಲ ಹಿಡಿದು ಸಮುದ್ರದ ದಂಡೆಗೆ ಬಂದು ಕೂತಳು. ನಾನೂ ಹೆಂಡತಿಯೂ ಸಮಾಧಾನ ಹೇಳುತ್ತಾ ಜೊತೆಗೆ ಕೂತೆವು.

ಅಷ್ಟರಲ್ಲಿ ಗುಡ್ಡದ ಕಡೆಯಿಂದ ಒಂದು ಮೇಕೆ ಮಂದೆ ಇಳಿದು ಬಂತು. ನಾವು ನೋಡುತ್ತಿದ್ದಂತೆಯೇ ಒಂದು ಗಡ್ಡದ ಹೋತ ಚೀಲಕ್ಕೆ ಬಾಯಿ ಹಾಕಿ, ಉಂಡೆಗಳನ್ನು ಮುಗಿಸಿ, ಸೀರೆಯ ಸೆರಗು ಅಗಿಯತೊಡಗಿತು.

ಅಕ್ಕ ಹುಟ್ಟಿದಾಗಿನಿಂದ ಕುರಿ ಮೇಕೆ ನಡುವೆ ಬೆಳೆದವಳು. ಹಾರಿ ಅದರ ಕಿವಿ ಹಿಡಿದಳು. ಅಷ್ಟರಲ್ಲಿ ಕೋಲು ಹಿಡಿದ, ಕಪ್ಪು ಬಟ್ಟೆಯ, ದಪ್ಪನೆಯ ಮುದುಕಿಯೊಬ್ಬಳು ಏದುಸಿರು ಬಿಡುತ್ತಾ ಬಂದು, ಹೋತದ ಇನ್ನೊಂದು ಕಿವಿ ಹಿಡಿದು ಗ್ರೀಕ್ ಭಾಷೆಯಲ್ಲಿ ಬಯ್ಯಲು ಶುರುಮಾಡಿದಳು.

ಕನ್ನಡ ತಿಳಿಯದವರಿಗೆಲ್ಲ ತೆಲುಗು ಬರುತ್ತದೆಂಬುದು ಅಕ್ಕನ ನಂಬಿಕೆ. "ಏಮಮ್ಮಾ! ನೀ ಮೇಕನಿ ಪಟ್ಟುಕೋ! ನಾ ಚೀರ ತಿನೇಸಿಂದಿ!" ನಿನ್ನ ಮೇಕೆ ಹಿಡಿದುಕೋ, ನನ್ನ ಸೀರೆ ತಿಂದುಹಾಕಿತು ಎಂದು ತೆಲುಗಿನಲ್ಲೇ ತಿರುಗಿ ಬಿದ್ದಳು. ಆಕೆ ಒಂದು ಅಂದರೆ ಇವಳು ಎರಡು. ಯಾರಿಗೂ ಯಾರದೂ ಅರ್ಥವಾಗುತ್ತಿಲ್ಲ, ಜಗಳ ಮಾತ್ರ ಎಲ್ಲೂ ನಿಲ್ಲುತ್ತಿಲ್ಲ. ನಾನು ಯಾರನ್ನು ಬಿಡಿಸಬೇಕೋ ತಿಳಿಯದೆ ಹೋತದ ಬಾಲ ಹಿಡಿದುಕೊಂಡೆ.

ಕಾರು ಬಂದು ನಿಂತಿತು. ಅಕ್ಕನ ಮಗಳು ಇಳಿದವಳೇ ತಲೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ, ನಾವು ಊರೆಲ್ಲ ಹುಡುಕ್ತಿದೀವಿ, ಇವರು ಮೇಕೆ ಹಿಂದೆ ಇಲ್ಲಿಗೇ ಬಂದವ್ರಾ! ಅವ್ವಾ, ಇವರೇ ಕಣವ್ವಾ ನಿನ್ನ ಬೀಗಿತ್ತಿ!"

ಅಳಿಯ ಇಳಿದು ತಾಯಿಗೂ ಅದನ್ನೇ ಹೇಳಿದ. ಆದರೂ ಹೆಂಗಸರಿಬ್ಬರೂ ಕಿವಿ ಬಿಡಲಿಲ್ಲ. ಹೋತ ಸೀರೆ ಅಗಿಯುವುದನ್ನೂ ಬಿಡಲಿಲ್ಲ.

ಅಕ್ಕನೇ ಮೊದಲು ಚೇತರಿಸಿಕೊಂಡಳು. ಹೋತದ ಬಾಯಿಂದ ಸೀರೆಯನ್ನು ಎಳೆದು, ಮರಳು ಕೊಡವಿ, ಉಳಿದಷ್ಟನ್ನೇ ಬೀಗಿತ್ತಿಯ ಹೆಗಲಿಗೆ ಹೊದಿಸಿ ಕೈ ಮುಗಿದಳು. ಆಕೆ ಆ ಕಡೆ ಈ ಕಡೆ ತಿರುಗಿ, ಹರಿದ ಅಂಚನ್ನು ಹಿಡಿದು ನೋಡಿ, ಏನೋ ಕೇಳಿದಳು.

"ಏನಂತಮ್ಮ?" ಎಂದಳು ಅಕ್ಕ ಹೆದರಿಕೊಂಡು.

"ಸೀರೆ ತುಂಬಾ ಚೆನ್ನಾಗೈತಂತೆ. ಇನ್ನರ್ಧ ಎಲ್ಲಿ ಅಂತ ಕೇಳ್ತಾವ್ರೆ."

ಅಕ್ಕ ಹೋತದ ಹೊಟ್ಟೆ ನೋಡಿದಳು.

"ಗಂಡಿನ ಕಡೆಯೋರು ಊಟಕ್ಕೆ ಮುಂಚೇನೇ ಶುರು ಮಾಡ್ಬುಟ್ರು ಅಂತ ಹೇಳಮ್ಮ."