ನಮ್ಮ ಮನೆಯ ಮೆಟ್ಟಿಲನ್ನು ಸೇವಿಸಿದ ಗೆದ್ದಲು ಮಹಾರಾಣಿಯವರಿಗೆ

ನೆಲದಡಿಯ ಅರಮನೆಯಲ್ಲಿ ಸಪರಿವಾರ ಸುಖವಾಗಿರುವ ಮಾನ್ಯ ಮಹಾರಾಣಿಯವರೇ,

ತಮ್ಮ ತಲೆಯ ಮೇಲೆಯೇ ವಾಸವಾಗಿರುವ ಪಾತ್ರೆ ಅಂಗಡಿಯವನ ಸವಿನಯ ನಮಸ್ಕಾರಗಳು. ಈ ಪತ್ರವನ್ನು ಖಾಸಗಿಯಾಗಿಯೇ ಕಳಿಸಬಹುದಿತ್ತು. ಆದರೆ ಕಾಗದ ಕಂಡರೆ ತಾವು ಓದುವ ಮೊದಲೇ ಊಟಕ್ಕೆ ಕೂರುತ್ತೀರೆಂದು ನಮ್ಮ ಹಳೆಯ ಕ್ಯಾಲೆಂಡರುಗಳ ಗತಿಯಿಂದ ತಿಳಿದುಕೊಂಡಿರುವುದರಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಅಭಿನಂದನೆ. ಸೈಕಲ್ಲಿನ ಮೇಲೆ ಪಾತ್ರೆ ಹೇರಿಕೊಂಡು, ಬರೀ ಬಾಯಿಯ ಬಲದಿಂದ ಮೇಲೆ ಬಂದವನು ನಾನು ಎಂದು ಎದೆ ತಟ್ಟಿಕೊಳ್ಳುತ್ತಿದ್ದೆ. ಬಾಯಿಯ ಬಲವೆಂದರೆ ಏನೆಂದು ತಮ್ಮವರನ್ನು ನೋಡಿ ಕಲಿಯಬೇಕು. ಮೇಲಿನ ಪಾಲಿಶ್‌ಗೆ ಒಂದು ಗೀರೂ ಬೀಳದಂತೆ ನಮ್ಮ ಮರದ ಮೆಟ್ಟಿಲಿನ ತಿರುಳನ್ನಷ್ಟೇ ಖಾಲಿ ಮಾಡಿದ ಆ ಕೈಚಳಕವನ್ನು, ಕ್ಷಮಿಸಿ, ಬಾಯಿಚಳಕವನ್ನು ಕಂಡು ಬಡಗಿಯೇ ಮೂಗಿನ ಮೇಲೆ ಬೆರಳಿಟ್ಟ.

ಈ ಸಾಧನೆಯಲ್ಲಿ ನನ್ನ ಅಳಿಲು ಸೇವೆಯೂ ಇದೆಯೆಂಬುದನ್ನು ತಾವು ಮರೆಯಬಾರದು. ತಮ್ಮವರು ಗೋಡೆಯ ಬುಡದಿಂದ ಮೆಟ್ಟಿಲವರೆಗೆ ಎಳೆದ ಮಣ್ಣಿನ ಗೆರೆಯನ್ನು ಮೊದಲು ಕಂಡವನು ನಾನೇ. ಎಲೆಕ್ಟ್ರಿಷಿಯನ್ ಆಗಷ್ಟೇ ಗೋಡೆ ಕೊರೆದು, ವೈರ್ ಹುಗಿದು ಹೋಗಿದ್ದರಿಂದ, ಇದೂ ಅವನೇ ಸಿಮೆಂಟ್ ಮೆತ್ತಿದ ಜಾಗವೆಂದು ತೀರ್ಮಾನಿಸಿಬಿಟ್ಟೆ. ನನ್ನಾಕೆ ಪೊರಕೆ ಎತ್ತಿದಾಗಲೆಲ್ಲ ‘ಏ, ಕರೆಂಟ್ ಇದೆ ಕಣೇ, ಮುಟ್ಟಬೇಡ!’ ಎಂದು ಕೂಗಿ ತಮ್ಮ ರಾಜಮಾರ್ಗವನ್ನು ಕಾಯ್ದೆ. ‘ಮಣ್ಣಲ್ಲಿ ಯಾವ ಕರೆಂಟ್ ಹರಿಯುತ್ತೆ ರೀ?’ ಎಂದು ಆಕೆ ಕೇಳಿದ್ದೂ ಉಂಟು. ‘ನಿನಗೇನು ಗೊತ್ತು, ಈಗೆಲ್ಲ ಹೀಗೇ ಮಾಡೋದು’ ಎಂದೆ. ಪೇಂಟರ್ ಬಂದಾಗ ಅದು ಎದ್ದು ಕಾಣದಿರಲೆಂದು ಗೋಡೆಯ ಬಣ್ಣವನ್ನೇ ಅದಕ್ಕೂ ಬಳಿಸಿದೆ. ಮನೆಯ ಯಜಮಾನನೇ ನಿಂತು ಬಣ್ಣ ಹೊಡೆಸಿಕೊಟ್ಟ ಸುರಂಗ ತಮ್ಮ ಕುಲದಲ್ಲಿ ಬೇರೆ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ.

ಈಗ ದೂರಿಗೆ ಬರುತ್ತೇನೆ. ಮಹಡಿಯ ಕೋಣೆಯಲ್ಲಿ ಹೊಲಿಗೆ ಕಲಿಸುವ ನನ್ನಾಕೆ ಕೆಳಗಿಳಿಯುತ್ತಿದ್ದಾಗ ಮೆಟ್ಟಿಲು ಬಿಸ್ಕತ್ತಿನಂತೆ ಮುರಿದು, ಕಾಲು ಮಂಡಿಯವರೆಗೂ ಒಳಗೆ ಹೋಯಿತು. ಕಾಲಿಗೆ ಆದದ್ದು ತರಚು ಗಾಯವಷ್ಟೇ. ಆಳವಾದ ಗಾಯ ಆದದ್ದು ನನ್ನ ಮಾತಿನ ಮೇಲೆ ಆಕೆಗಿದ್ದ ನಂಬಿಕೆಗೆ. ಹೊಲಿಗೆ ಮಷೀನನ್ನೂ ಎತ್ತಿಸಿಕೊಂಡು ಅಕ್ಕನ ಮನೆ ಸೇರಿದ್ದಾಳೆ. ಹೊಸ ಮೆಟ್ಟಿಲು ಹಾಕಿಸುತ್ತೇನೆ, ಬಾ ಎಂದು ಫೋನ್ ಮಾಡಿದರೆ, ‘ನೀವು ಗಟ್ಟಿ ಅಂದ್ರೇನೇ ನನಗೆ ಭಯ. ಅದರ ಮೇಲೆ ಕುಣಿದು ತೋರಿಸಿ, ಆಮೇಲೆ ಬರ್ತೀನಿ’ ಅಂದಳು. ಈ ಹೊಟ್ಟೆ ಹೊತ್ತುಕೊಂಡು ನಾನು ಕುಣಿಯುವುದುಂಟೇ? ಮನೆಯಲ್ಲಿ ಮಷೀನಿನ ಸದ್ದಿಲ್ಲ. ಬಾಗಿಲಿಗೆ ಕಿವಿಗೊಟ್ಟರೆ ತಮ್ಮವರು ತಿನ್ನುವ ಸದ್ದು ಕೇಳುತ್ತದೆ. ಅದು ಎಷ್ಟೇ ಶಿಸ್ತಿನದಾದರೂ ಸಂಸಾರದ ಸದ್ದಲ್ಲ, ತಾಯಿ.

ಆದ್ದರಿಂದ ನನ್ನ ಬಿನ್ನಹವಿಷ್ಟೇ: ಇನ್ನು ಮುಂದೆ ತಿನ್ನುವ ಮೊದಲು ತಾವು ಗಂಟೆ ಬಾರಿಸಬೇಕು, ತಿಂದಾದ ಮೇಲೆ ‘ಒಳಗೆ ಟೊಳ್ಳು’ ಎಂದು ಬೋರ್ಡ್ ತಗಲಿಸಬೇಕು, ಬಾಯಿರುಚಿ ಬದಲಾಗಲೆಂದು ನನ್ನ ಅಂಗಡಿಯ ಸ್ಟೀಲ್ ಬಿಂದಿಗೆಯನ್ನೊಮ್ಮೆ ಕಡಿದು ನೋಡಬೇಕು. ಇದಾವುದೂ ಆಗದಿದ್ದರೆ, ನಾಳೆ ಗೆದ್ದಲು ಔಷಧಿಯವರು ಬಂದು ಗೋಡೆಯ ಬುಡದುದ್ದಕ್ಕೂ ತೂತು ಕೊರೆದು ತಮ್ಮ ಅರಮನೆಗೆ ಒಂದಿಷ್ಟು ಪಾನೀಯ ಇಳಿಸಲಿದ್ದಾರೆ, ಬೇಡವೆನ್ನದೆ ಸ್ವೀಕರಿಸಬೇಕು.

ಇನ್ನೂ ತಿನ್ನಿಸಿಕೊಳ್ಳದೆ ಉಳಿದಿರುವ
ತಮ್ಮ ವಿಶ್ವಾಸಿ,
ಮೇಲಿನ ಮನೆಯ ಪಾತ್ರೆ ಅಂಗಡಿಯವನು

ತಾ.ಕ.: ಔಷಧಿಯಾಯಿತು, ಹೊಸ ಮೆಟ್ಟಿಲೂ ಕೂತಿತು. ಇವತ್ತು ನನ್ನಾಕೆ ಅಕ್ಕನನ್ನು ಕರೆದುಕೊಂಡು ಪರೀಕ್ಷೆಗೆ ಬಂದಾಗ, ಮೆಟ್ಟಿಲ ಪಕ್ಕದ ಗೋಡೆಯಲ್ಲಿ ನನಗೆ ಇನ್ನೊಂದು ಗೆರೆ ಕಂಡಿತು. ಈ ಸಲವೂ ಮೋಸಹೋಗಲು ನಾನೇನು ಪೆದ್ದನೇ? ಮೆಟ್ಟಿಲ ಮೇಲೆ ನಿಂತು, ‘ಇದು ಗೆದ್ದಲೇ!’ ಎಂದು ಸ್ಕ್ರೂಡ್ರೈವರ್ ಹಾಕಿ ಜೋರಾಗಿ ಕೆದಕಿದೆ. ಅದು ಕರೆಂಟೇ ಆಗಿತ್ತು. ನಾನು ಕುಣಿದ ಕುಣಿತಕ್ಕೆ ಮೆಟ್ಟಿಲು ಕಿರ್ರೆನ್ನಲಿಲ್ಲ. ‘ಸಾಕು ಇಳೀರಿ, ಗಟ್ಟಿಯಾಗೇ ಇದೆ’ ಎಂದ ನನ್ನಾಕೆ ಮಷೀನನ್ನು ಮೇಲಕ್ಕೆ ಸಾಗಿಸಿದಳು. ಆ ಗೆರೆ ಮಾತ್ರ ಹಾಗೇ ಇದೆ. ತಮ್ಮವರಲ್ಲಿ ಯಾರಾದರೂ ಬದುಕುಳಿದು ಹಸಿದಿದ್ದರೆ, ಸಂಕೋಚಪಡದೆ ನೇರವಾಗಿ ಅಲ್ಲಿಗೇ ದಯಮಾಡಿಸಲಿ.