ಮಾವನ ಇಪ್ಪತ್ತು ಗುಂಟೆ ಪಾಳು

ಸರ್ಕಾರಕ್ಕೆ ನಮ್ಮ ಮನೆ ಮೇಲೆ ಅಕ್ಕರೆ ಹುಟ್ಟಿದಾಗಲೆಲ್ಲ ನಮಗೆ ಹೊಟ್ಟೆ ತುಂಬ ನಗು ಸಿಗುತ್ತೆ, ಬೇರೇನೂ ಸಿಗಲ್ಲ. ಅಮೃತಹಳ್ಳಿ ಪಕ್ಕ ನಮ್ಮ ಮಾವನಿಗೆ ಇಪ್ಪತ್ತು ಗುಂಟೆ ಹೊಲ ಇತ್ತು. ಸುತ್ತಲಿನವರೆಲ್ಲ ಮಾರಿದರು, ಅಪಾರ್ಟ್‌ಮೆಂಟ್ ಎದ್ದವು, ಇವರು ಮಾರಲಿಲ್ಲ. ಎದೆ ಆಪರೇಷನ್ ಆದ ಮೇಲೆ ಉಳುಮೆ ನಿಂತಿತು. ಲಾರಿಗಳು ಬಂದು ಒಡೆದ ಮನೆಗಳ ಗಾರೆ, ಇಟ್ಟಿಗೆ ಸುರಿದು ಹೋದವು. ಮಾವನದು ಒಂದೇ ಹಟ: "ಕಣ್ಮುಚ್ಚೋದ್ರೊಳಗೆ ಒಂದ್ ಸಲ ನನ್ ಕೈಯಾರೆ ಅಲ್ಲಿ ರಾಗಿ ಬಿತ್ಬೇಕು ಕಣಮ್ಮ."

1. ಲಾರಿ ನಿಲ್ಲಿಸಿದ ದೇವರು

ಲಾರಿ ತಡೆಯೋಕೆ ಮಾವ ಹೊಲದ ಬಾಯಲ್ಲಿ ಒಂದು ಕಲ್ಲು ನೆಟ್ಟು ಅರಿಶಿನ ಕುಂಕುಮ ಹಚ್ಚಿದರು. ಮಾರನೇ ದಿನದಿಂದ ಲಾರಿ ಬಂದ್. ಹದಿನೈದು ದಿನಕ್ಕೆ ಎದುರು ಅಪಾರ್ಟ್‌ಮೆಂಟಿನ ಮೇಡಂ ಒಬ್ಬರು ನಿಂಬೆಹಣ್ಣಿನ ದೀಪ ಹಿಡಿದು ಬಂದರು.

"ಯಾವ ದೇವ್ರು ರೀ ಇದು? ಪವರ್ ಇದೆಯಾ?"

"ಮೂರು ಸಲ ಅರ್ಜಿ ಕೊಟ್ರೂ ನಿಲ್ಲದ ಲಾರಿ ನಿಲ್ಸಿದೆ ಮೇಡಂ. ಇನ್ನೆಷ್ಟು ಪವರ್ ಬೇಕು?" ಅಂದೆ.

2. ಕಾಗದದ ರಾಗಿ

ಪಾಳು ಜಮೀನು ಹದ ಮಾಡೋಕೆ ಸರ್ಕಾರದ ಸಹಾಯ ಬಂದಿದೆ, ಗಾರೆ ತೆಗೆಸಿ, ಕೆರೆ ಮಣ್ಣು ಹೊಡೆಸಿ, ಉಳುಮೆಯನ್ನೂ ಮಾಡಿಸಿ ಕೊಡ್ತಾರೆ ಅಂತ ಗೊತ್ತಾಯಿತು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಮಾವನ ಜೊತೆ ಕಚೇರಿಗೆ ಹೋದೆ. ಗುಮಾಸ್ತರು ಪಹಣಿ ನೋಡಿ ತಲೆ ಆಡಿಸಿದರು.

"ನಿಮ್ದು ಪಾಳಲ್ಲ ಕಣಮ್ಮ. ಪ್ರತಿ ವರ್ಷ ರಾಗಿ ಬೆಳೆದಿದ್ದೀರಿ ಅಂತಿದೆ."

ಬೆಳೆ ಬರೆಯೋರು ಹೊಲದ ಕಡೆ ತಲೆ ಹಾಕದೆ, ಹಿಂದಿನ ವರ್ಷದ್ದನ್ನೇ ನೋಡಿ ಬರೆದುಕೊಂಡು ಬಂದಿದ್ದರು. ಮಾವ ಹೆಗಲ ಟವೆಲ್ ತೆಗೆದು ಮೇಜಿನ ಮೇಲೆ ಹಾಸಿದರು.

"ಐದು ವರ್ಷದ ರಾಗಿ ಸ್ವಾಮಿ. ಎಲ್ಲಿ ಮಡಗಿದ್ದೀರಿ ತೋರ್ಸಿ, ಒತ್ಕೊಂಡ್ ಓಯ್ತೀನಿ."

3. ದೊಡ್ಡೋರು ಬರ್ತಾರೆ

ಪಹಣಿ ತಿದ್ದಿಸೋದರಲ್ಲಿ ಒಂದು ಮಳೆಗಾಲ ಹೋಯಿತು. ಆಮೇಲೆ, ಮಂಗಳವಾರ ಸಾಹೇಬರು ಪಾಳು ನೋಡೋಕೆ ಬರ್ತಾರೆ ಅಂತ ಫೋನ್ ಬಂತು. ನಾನು ತವರಿಗೆ ಮತ್ತಿಕೆರೆಗೆ ಹೋಗಿದ್ದವಳು ಅವತ್ತು ಬೆಳಿಗ್ಗೆ ವಾಪಸ್ ಬಂದು ನೋಡಿದರೆ, ಮುಳ್ಳು ಕಡಿದು, ಇಟ್ಟಿಗೆ ಚೂರು ಆರಿಸಿ, ನೆಲ ಗುಡಿಸಿದ್ದಾರೆ. ಹೊಲದ ಬಾಯಲ್ಲಿ ಅತ್ತೆಯ ರಂಗೋಲಿ ಬೇರೆ!

"ಏನ್ ಮಾವ ಇದು?"

"ದೊಡ್ಡೋರು ಬತ್ತಾವ್ರೆ. ಒಲ ಇಂಗ್ ಮಡಿಕ್ಕೊಂಡವ್ರೆ ಅಂತ ಉಗೀಬಾರ್ದಲ್ಲ."

ಸಾಹೇಬರು ಬಂದು ಸುತ್ತ ಕಣ್ಣಾಡಿಸಿ, "ಪಾಳು ಎಲ್ಲಿ?" ಅಂದರು.

"ಕೆಳಗಿದೆ ಸಾರ್. ಒಂದು ಗೇಣು ಅಗೆದ್ರೆ ಬರೀ ಸಿಮೆಂಟು."

"ಫೋಟೋದಲ್ಲಿ ಕೆಳಗಿಂದು ಬೀಳಲ್ಲಮ್ಮ. ಒಂದು ವರ್ಷ ಮುಟ್ಟದೆ ಹಾಗೇ ಬಿಡಿ, ಬರ್ತೀನಿ."

ಮಾವ ಕೈಮುಗಿದರು. "ನಾನು ಬಿಡ್ತೀನಿ ಸ್ವಾಮಿ. ಮೇಲಿರೋನು ನನ್ನ ಬಿಡ್ಬೇಕಲ್ಲ!"

4. ಫೋಟೋ

ಬಿಡಲಿಲ್ಲ. ಸಂಕ್ರಾಂತಿ ಕಳೆದು ವಾರಕ್ಕೆ ಮಾವ ಹೋದರು. ನಮ್ಮಲ್ಲಿ ಹೊಲದಲ್ಲೇ ಮಣ್ಣು ಮಾಡೋದು. ಹಾರೆ ಹಾಕಿದರೆ ಕಿಡಿ ಏಳುತ್ತಿತ್ತು. ನಾಲ್ಕು ಜನ ಅರ್ಧ ದಿನ ಅಗೆದು, ಗಾರೆಯೆಲ್ಲ ತೆಗೆದ ಮೇಲೆ ಕೆಂಪು ಮಣ್ಣು ಕಂಡಿತು.

ಸಾಹೇಬರು ಹೇಳಿದ ಮಾತಿನಂತೆ ವರ್ಷಕ್ಕೆ ಸರಿಯಾಗಿ ಬಂದರು. ಸೊಂಟದುದ್ದ ಕಳೆ ನೋಡಿ ಮುಖ ಅರಳಿತು.

"ಈಗ ಪಾಳು ಅಂದ್ರೆ ಪಾಳು! ಯಜಮಾನ್ರು ಎಲ್ಲಿ? ಅವರು ಹೊಲದಲ್ಲಿ ನಿಂತಿರೋ ಫೋಟೋ ಬೇಕು."

"ಹೊಲದಲ್ಲೇ ಇದ್ದಾರೆ ಸಾರ್," ಅಂತ ಮೂಲೆ ತೋರಿಸಿದೆ. "ನಿಲ್ಲೋಕೆ ಮಾತ್ರ ಆಗಲ್ಲ."

ಸಮಾಧಿ ನೋಡಿ ಸಾಹೇಬರು ಚಪ್ಪಲಿ ಬಿಟ್ಟರು. ಒಳ್ಳೇ ಮನುಷ್ಯ, ಕಣ್ಣೂ ಒರೆಸಿಕೊಂಡರು. ಆಮೇಲೆ ಪೆನ್ನು ತೆಗೆದು ಮೆಲ್ಲಗೆ ಅಂದರು: "ತಪ್ಪು ತಿಳ್ಕೋಬೇಡಿ ಅಮ್ಮ. ಅಷ್ಟು ಜಾಗ ಪಾಳು ಅಂತ ಬರೆಯೋ ಹಾಗಿಲ್ಲ, ಬಳಕೆಯಲ್ಲಿದೆ. ಏನ್ ಬಳಕೆ ಅಂತ ಬರ್ಕೊಳ್ಳಲಿ?"

ಎಂಥವರಿಗೂ ತಿರುಗಿಸಿ ಕೊಡೋಳು ನಾನು. ಅವತ್ತು ಮಾತ್ರ ನನಗಿಂತ ಮೊದಲು ಹಿಂದೆ ನಿಂತಿದ್ದ ಅತ್ತೆ ಸೆರಗು ಸರಿ ಮಾಡಿಕೊಂಡು ಮುಂದೆ ಬಂದರು.

"ಬಿತ್ತನೆ ಆಗೈತೆ ಅಂತ ಬರ್ಕೊಳ್ಳಿ ಸ್ವಾಮಿ."