ಅತ್ತೆಯ ಹಾಲಿನಪುಡಿ ಡಬ್ಬಿ

ಅತ್ತೆ ಬೆಳಗಾಗುತ್ತಲೇ ಹಾಲಿನಪುಡಿ ಡಬ್ಬಿ ಹಿಡಿದುಕೊಂಡು ಬಾಗಿಲಿಗೆ ಅಡ್ಡ ನಿಂತಾಗಲೇ ತೂವಾನಿಗೆ ಇವತ್ತು ತನ್ನ ಗ್ರಹಚಾರ ಸರಿಯಿಲ್ಲ ಅನ್ನಿಸಿಬಿಟ್ಟಿತು.

"ಇದನ್ನ ವಿಮಾನದವನ ಕೈಗೆ ಕೊಡು. ವಿಯೆಂಟಿಯಾನ್‌ನಲ್ಲಿ ನಿನ್ನ ನಾದಿನಿ ಹೆತ್ತು ಮೂರು ದಿನ ಆಯ್ತು. ಕೋಳಿ ಸಾರಿಗೆ ಹಾಕೋ ಬೇರು, ಸೊಪ್ಪು ಎಲ್ಲ ಇಟ್ಟಿದೀನಿ."

"ಬೇರು, ಸೊಪ್ಪು ಅಷ್ಟೇ ತಾನೆ ಅತ್ತೆ?"

"ಅಡಿಯಲ್ಲಿ ಒಂದು ಮುಷ್ಟಿ ಅಫೀಮಿದೆ. ಬಾಣಂತಿ ಮನೆ. ಹೊಟ್ಟೆನೋವು ಅಂದ್ರೆ ಆ ಪೇಟೆಯಲ್ಲಿ ಯಾರು ಕೊಡ್ತಾರೆ?"

ಇದರಲ್ಲಿ ಗಾಬರಿಯಾಗುವಂಥದ್ದೇನೂ ಇರಲಿಲ್ಲ. ಲಾವೋಸಿನ ಆ ಬೆಟ್ಟಗಳಲ್ಲಿ ಹ್ಮೊಂಗ್ ಜನರ ಮನೆಯಲ್ಲಿ ಉಪ್ಪು ಇದ್ದ ಹಾಗೆ ಅಫೀಮೂ ಇರುತ್ತದೆ. ಅತ್ತೆಯಂತೂ ನಾಟಿ ಮದ್ದಿನವಳು. ಕಣಿವೆಯ ಅರ್ಧ ಹೊಟ್ಟೆಗಳು ಅವಳ ಉಸ್ತುವಾರಿಯಲ್ಲೇ ಇದ್ದವು. ಡಬ್ಬಿಯೂ ಎಲ್ಲರ ಮನೆಯಲ್ಲಿದ್ದಂಥದ್ದೇ. ಅಮೆರಿಕದವರು ಹಾಲಿನಪುಡಿಯನ್ನು ಕೊಡೆ ಕಟ್ಟಿ ಆಕಾಶದಿಂದ ಇಳಿಸುತ್ತಿದ್ದರು. ಅದನ್ನು ಕುಡಿದವರಿಗೆಲ್ಲ ಹೊಟ್ಟೆ ಕೆಡುತ್ತಿದ್ದುದರಿಂದ ಪುಡಿ ಹಂದಿಗೆ ಹೋಗಿ ಡಬ್ಬಿ ಮನೆಗೆ ಉಳಿಯುತ್ತಿತ್ತು.

"ಏನು ಯೋಚನೆ ಮಾಡ್ತಿದೀಯ? ಮೂಟೆ ಹೊತ್ತೂ ಹೊತ್ತೂ ತಲೆಯೂ ಮೂಟೆ ಆಗಿದೆ ನಿಂಗೆ. ಆ ಪಕ್ಕದ ಮನೆ ಅಳಿಯನ್ನ ನೋಡು, ಭುಜಕ್ಕೆ ಪಟ್ಟಿ ಬಂತು."

"ಅವನು ಸತ್ತುಹೋದ ಅತ್ತೆ."

"ಪಟ್ಟಿ ಬಂದಮೇಲೆ ತಾನೆ!"

ತೂವಾ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ವಿಮಾನ ಇಳಿಯುವ ಪಟ್ಟಿಯ ಕಡೆಗೆ ಓಡಿದ.

ತೂವಾ ಅಲ್ಲಿ ಸಾಮಾನು ಹೇರುವವನು. ಬೆನ್ನು ಬಾಗಿ ಹೋಗುವ ಕೆಲಸವಾದರೂ ಅವನಿಗೆ ಅದು ಪ್ರಾಣ. ಯಾಕೆಂದರೆ ಹೇರುವವರನ್ನು ಕಮ್ಯುನಿಸ್ಟರ ಮೇಲಿನ ಯುದ್ಧಕ್ಕೆ ಕಳಿಸುತ್ತಿರಲಿಲ್ಲ. ಉಳಿದ ಗಂಡಸರೆಲ್ಲ ಸರದಿಯ ಮೇಲೆ ಎದುರಿನ ಬೆಟ್ಟದ ಏಳನೇ ಠಾಣೆಗೆ ಹೋಗಬೇಕು. ಹೋದ ಸಲ ಇಪ್ಪತ್ತು ಜನ ನಡೆದುಕೊಂಡು ಹೋದರು. ಇಬ್ಬರು ನಡೆದುಕೊಂಡು ಬಂದರು, ಉಳಿದವರನ್ನು ಬೇರೆಯವರು ಹೊತ್ತು ತಂದರು. ಆ ಠಾಣೆಯ ಹೆಸರು ಕೇಳಿದರೆ ತೂವಾ ಹತ್ತಿರದ ಮೂಟೆಯನ್ನು ಎತ್ತಿ ಬೆನ್ನಿಗೇರಿಸಿಕೊಳ್ಳುತ್ತಿದ್ದ. ಅದು ಹೇಡಿತನವೆಂದು ಯಾರಾದರೂ ಅಂದರೆ ಅನ್ನಲಿ, ಅಂದವರು ಒಮ್ಮೆ ಅಲ್ಲಿಗೆ ಹೋಗಿಬರಲಿ.

ತೂವಾ ವಿಮಾನದ ಪಟ್ಟಿ ತಲುಪುವ ಹೊತ್ತಿಗೆ ಕಣಿವೆಯ ಸೈನ್ಯದ ದೊರೆ ಕರ್ನಲ್ ಸಾಹೇಬರು ಜೀಪಿನ ಮೇಲೆ ನಿಂತು ಎಲ್ಲರನ್ನೂ ಸೇರಿಸಿದ್ದರು. ಅಮೆರಿಕದವರು ಬಂದೂಕು, ಅಕ್ಕಿ ಕೊಡುತ್ತಿದ್ದರು, ಕರ್ನಲ್ ಅದಕ್ಕೆ ಪ್ರತಿಯಾಗಿ ಊರಿನ ಹುಡುಗರನ್ನು ಕೊಡುತ್ತಿದ್ದರು. ಇದು ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಕಣಿವೆಯಲ್ಲಿ ತಮ್ಮವರು ಯಾರೂ ಇಲ್ಲವೆಂದು ಅಮೆರಿಕ ದಿನಾ ರೇಡಿಯೊದಲ್ಲಿ ಹೇಳುತ್ತಿತ್ತು. ಹಾಗೆ ಇಲ್ಲದವರಲ್ಲಿ ಒಬ್ಬನಾದ ಆರಡಿ ಎತ್ತರದ ಮಿಸ್ಟರ್ ಟೆಡ್ ಜೀಪಿನ ಪಕ್ಕದಲ್ಲೇ ನಿಂತಿದ್ದ. ಕಾಗದದಲ್ಲಿ ಅವನು ಬೇಸಾಯದ ಸಲಹೆಗಾರ. ಗುದ್ದಲಿಯನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ ದೇವರೇ ಬಲ್ಲ.

"ಅಮೆರಿಕದಿಂದ ತನಿಖೆಗೆ ಒಬ್ಬ ಸಾಹೇಬ ಬರ್ತಿದಾನೆ," ಎಂದರು ಕರ್ನಲ್. "ಈ ವಿಮಾನಗಳಲ್ಲಿ ಅಫೀಮು ಹೋಗುತ್ತೆ ಅಂತ ಅಲ್ಲಿನ ಪೇಪರಿನವರು ಬರೆದಿದಾರಂತೆ. ಈ ಗಳಿಗೆಯಿಂದ ಕಣಿವೆಯಲ್ಲಿ ಅಫೀಮಿಲ್ಲ. ಯಾರ ಹತ್ರಾನಾದ್ರೂ ಉಗುರು ಸಂದಿಯಷ್ಟು ಸಿಕ್ಕಿದ್ರೂ ನಾಳೆ ಬೆಳಿಗ್ಗೆ ಏಳನೇ ಠಾಣೆ!"

ತೂವಾನ ಕಂಕುಳಲ್ಲಿದ್ದ ಡಬ್ಬಿ ಬಿಸಿಯಾದಂತಾಯಿತು.

ಅಷ್ಟರಲ್ಲಿ ಫೂಯೆ ಬಂದು ಅವನ ರಟ್ಟೆ ಹಿಡಿದ. ಫೂಯೆ ಜೊತೆಯಲ್ಲಿ ಮೂಟೆ ಹೇರುವವನು. ಪಾದ್ರಿಗಳ ಹತ್ತಿರ ಎರಡು ವರ್ಷ ಇಂಗ್ಲಿಷ್ ಕಲಿತಿದ್ದರಿಂದ ದುಭಾಷಿಯೂ ಅವನೇ, ತಾನು ಅರ್ಧ ಕರ್ನಲ್ ಎಂದುಕೊಂಡಿದ್ದವನೂ ಅವನೇ.

"ಬಾವ, ಬೇಗ ಬಾ. ಗೋದಾಮಿನಲ್ಲಿರೋ ನಲವತ್ತು ಮೂಟೇನ ಆಸ್ಪತ್ರೆಗೆ ಸಾಗಿಸ್ಬೇಕು. ಸಾಹೇಬ ಮೊದಲು ಗೋದಾಮು ನೋಡ್ತಾನಂತೆ."

"ಆ ಮೂಟೆಯಲ್ಲಿ ಇರೋದು ಅಫೀಮಲ್ವೇನೋ?"

"ಶ್! ನಿನ್ನ ಹತ್ರ ಇದ್ರೆ ಅಫೀಮು. ಕರ್ನಲ್ ಹತ್ರ ಇದ್ರೆ ಸರಕು."

ತೂವಾ ಸರಕು ಹೊರಲು ಶುರುಮಾಡಿದ. ಬೆನ್ನ ಮೇಲೆ ಕರ್ನಲ್‌ರ ಮೂಟೆ, ಕಂಕುಳಲ್ಲಿ ಅತ್ತೆಯ ಡಬ್ಬಿ. ದಾರಿಯಲ್ಲಿ ಕಾವಲಿನ ಸಿಪಾಯಿ ಮೂಟೆಗೆ ಸಲಾಮು ಹೊಡೆದು ಡಬ್ಬಿಯನ್ನು ಅನುಮಾನದಿಂದ ನೋಡಿದ.

"ಅದೇನದು?"

"ಹಾ... ಹಾಲಿನಪುಡಿ."

"ಹಾಲಿನಪುಡಿ ಯಾರಾದ್ರೂ ಹೀಗೆ ಮಗು ಹಂಗೆ ಅಪ್ಪಿಕೊಳ್ತಾರೇನಯ್ಯ?"

ಆಸ್ಪತ್ರೆಯಲ್ಲಿ ಮೂಟೆ ಇಳಿಸಿ ಮುಗಿಯುವಷ್ಟರಲ್ಲಿ ಸಾಹೇಬನಿಗೆ ಆಸ್ಪತ್ರೆ ನೋಡಬೇಕೆನ್ನಿಸಿತು. ಮೂಟೆಗಳು ಶಾಲೆಗೆ ಓಡಿದವು. ಶಾಲೆಯ ಮಕ್ಕಳನ್ನು ಮೂಟೆಗಳ ಮೇಲೆ ಕೂರಿಸಿ ಮೇಷ್ಟ್ರು ಮಗ್ಗಿ ಹೇಳಿಸಿದರು. ಮಕ್ಕಳಿಗೆ ವಾಸನೆಗೆ ತೂಕಡಿಕೆ ಬಂದು ಮಗ್ಗಿ ಮೂರರಲ್ಲೇ ನಿಂತಿತು. ಸಾಹೇಬ ಶಾಲೆಯ ಕಡೆ ಹೊರಟಾಗ ಮೂಟೆಗಳು ಮತ್ತೆ ಎದ್ದವು. ತೂವಾನ ಬೆವರು ಕಣ್ಣಿಗಿಳಿದು ದಾರಿ ಕಾಣಿಸುತ್ತಿರಲಿಲ್ಲ.

ಸಾಹೇಬನ ಹೆಸರು ಪೆಕ್. ಸಣಕಲು ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಪುಸ್ತಕ. ಕಂಡಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಪಾಪ, ಅವನಿಗೆ ಕಾಣಿಸುತ್ತಿದ್ದುದು ಮೂಟೆ ಎದ್ದುಹೋದ ಖಾಲಿ ಜಾಗ ಮಾತ್ರ.

ಡಬ್ಬಿ ಹೊತ್ತು ತಿರುಗುವುದು ಇನ್ನು ಸಾಧ್ಯವಿಲ್ಲವೆಂದು ತೂವಾ ಬುನ್ಮಿ ಅಕ್ಕನ ಅಂಗಡಿಗೆ ನುಗ್ಗಿದ. ಬುನ್ಮಿ ತಗ್ಗಿನ ಊರಿನ ಲಾವೋ ಹೆಂಗಸು. ಅಕ್ಕಿ ಶ್ಯಾವಿಗೆ ಸಾರು ಮಾರುತ್ತಿದ್ದಳು, ಸಾರಿನ ಜೊತೆ ಊರಿನ ಸುದ್ದಿಯನ್ನು ಪುಕ್ಕಟೆ ಬಡಿಸುತ್ತಿದ್ದಳು.

"ಅಕ್ಕ, ಇದನ್ನ ಸಂಜೆವರೆಗೆ ಇಟ್ಕೊ. ತೆಗೆದು ನೋಡ್ಬೇಡ."

ಬುನ್ಮಿ ತಕ್ಷಣ ತೆಗೆದು ನೋಡಿದಳು. "ನಿಮ್ಮತ್ತೆದಲ್ವಾ? ಆಯ್ತು, ಮೆಣಸಿನಕಾಯಿ ಚಟ್ನಿ ಪಕ್ಕ ಇಡ್ತೀನಿ. ಏನೂ ಯೋಚನೆ ಮಾಡ್ಬೇಡ."

ತೂವಾ ನಿಟ್ಟುಸಿರು ಬಿಟ್ಟು ತಿರುಗಿದರೆ ಬಾಗಿಲಲ್ಲೇ ಪೆಕ್, ಟೆಡ್, ಫೂಯೆ! ಸಾಹೇಬನಿಗೆ ಹಸಿವಾಗಿತ್ತಂತೆ. ಸಾಹೇಬ ಕೂತ. ಡಬ್ಬಿಗೂ ಅವನ ಮೊಣಕೈಗೂ ಗೇಣು ದೂರ. ಅವನು ಕೈ ಚಾಚಿದ. ಸಾಹೇಬ ಡಬ್ಬಿಯನ್ನು ಬಿಟ್ಟು ಪಕ್ಕದ ಚಟ್ನಿಯನ್ನು ಎಳೆದುಕೊಂಡು, ಅದು ಟೊಮೆಟೊ ಗೊಜ್ಜೆಂದು ತಿಳಿದು ನಾಲ್ಕು ಚಮಚ ಸುರಿದುಕೊಂಡ.

ಹೇಳಬೇಕೆಂದು ತೂವಾ ಬಾಯಿ ತೆರೆದ. ಫೂಯೆ ಕಣ್ಣುಬಿಟ್ಟು ಹೆದರಿಸಿದ. ಸಾಹೇಬ ಉಂಡ, ಕೆಂಪಾದ, ಬೆವರಿದ, ಸೌಜನ್ಯಕ್ಕೆ ಪೂರ್ತಿ ಮುಗಿಸಿದ. ಆ ಗಡಿಬಿಡಿಯಲ್ಲಿ ತೂವಾ ಡಬ್ಬಿ ಎಗರಿಸಿಕೊಂಡು ಹೊರಗೆ ಬಂದ.

ಆಗ ಅವನಿಗೆ ಜನ್ಮದಲ್ಲೇ ಮೊದಲ ಸಲ ಒಂದು ಒಳ್ಳೆಯ ಯೋಚನೆ ಹೊಳೆಯಿತು. ಗೋದಾಮನ್ನು ಸಾಹೇಬ ಆಗಲೇ ನೋಡಿಯಾಗಿದೆ! ನೋಡಿದ ಜಾಗವನ್ನು ಮತ್ತೆ ಯಾರು ನೋಡುತ್ತಾರೆ? ಓಡಿಹೋಗಿ ಅಕ್ಕಿ ಚೀಲಗಳ ಹಿಂದೆ ಡಬ್ಬಿ ತುರುಕಿ, ಅದರ ಮುಂದೆ ಕೂತು ಕಣ್ಣು ಮುಚ್ಚಿದ. ನಾಳೆಯೂ ಮೂಟೆ, ನಾಡಿದ್ದೂ ಮೂಟೆ. ಎಂಥ ಸುಖದ ಬಾಳು ಅನ್ನಿಸಿತು.

ಬಾಗಿಲು ಧಡಾರನೆ ತೆರೆಯಿತು. ಹೊಟ್ಟೆ ಹಿಡಿದುಕೊಂಡು ಬಾಗಿ ಬಂದ ಪೆಕ್ ಸಾಹೇಬ ತೂವಾನ ಪಕ್ಕದ ಅಕ್ಕಿ ಚೀಲದ ಮೇಲೆಯೇ ಉರುಳಿಬಿದ್ದ. ಹಿಂದೆ ಫೂಯೆ, ಟೆಡ್.

"ಗೋದಾಮಿನ ಹಿಂದಿನ ಪಾಯಖಾನೆಗೆ ಐದು ಸಲ ಹೋಗಿಬಂದ ಬಾವ," ಎಂದ ಫೂಯೆ. "ಆರನೇ ಸಲಕ್ಕೆ ನಡೆಯೋಕಾಗ್ತಿಲ್ಲ. ಡಾಕ್ಟ್ರು ಬೆಟ್ಟದ ಠಾಣೆಗೆ ಹೋಗಿದಾರೆ. ಇವನೇನಾದ್ರೂ ಇಲ್ಲಿ ಸತ್ರೆ ನಮ್ಮನ್ನೂ ಅಲ್ಲಿಗೇ ಕಳಿಸ್ತಾರೆ!"

"ಎಲ್ಲಿ ನನ್ನ ಅಳಿಯ!" ಎಂಬ ಕೂಗು ಆಗ ಕೇಳಿಸಿತು. ಅತ್ತೆ! ಡಬ್ಬಿ ಇನ್ನೂ ಊರೊಳಗೇ ಅಲೆಯುತ್ತಿದೆಯೆಂದು ಬುನ್ಮಿ ಹೇಳಿಕಳಿಸಿದ್ದಳು.

"ಬಾಣಂತಿಗೆ ಕಳಿಸೋ ಸಾಮಾನು ಸಾರಿನಂಗಡೀಲಿ ಇಡ್ತೀಯಾ? ನಿನಗೆ..." ಎನ್ನುತ್ತಿದ್ದವಳು ಸಾಹೇಬನನ್ನು ನೋಡಿ ಬೈಗುಳ ನಿಲ್ಲಿಸಿದಳು. ಬಂದು ಹೊಟ್ಟೆ ಒತ್ತಿದಳು. ನಾಲಿಗೆ ನೋಡಿದಳು. "ಅಯ್ಯೋ ಮಗನೇ. ಕರುಳು ಸುಟ್ಟುಹೋಗಿದೆ. ತೂವಾ, ಡಬ್ಬಿ ಕೊಡು."

"ಯಾವ ಡಬ್ಬಿ ಅತ್ತೆ?"

"ನಿನ್ನ ಬೆನ್ನ ಹಿಂದೆ ಚೀಲದ ಸಂದಿಯಲ್ಲಿ ಕಾಣಿಸ್ತಿದೆಯಲ್ಲ, ಅದು."

ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅತ್ತೆ ಅವರೆಲ್ಲರ ಎದುರೇ ಅಫೀಮಿನ ಗಟ್ಟಿಯಿಂದ ಒಂದಿಷ್ಟು ಚಿವುಟಿ, ಬಿಸಿನೀರಿನಲ್ಲಿ ಕದಡಿ, ಬಾಯಲ್ಲಿ ಮಂತ್ರ ಗುನುಗಿ ತನಿಖೆಯ ಸಾಹೇಬನಿಗೆ ಕುಡಿಸಿದಳು. ಟೆಡ್ ಗೋದಾಮಿನ ಮಾಡಿನ ತಗಡನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ತೂವಾ ಗೋಡೆಗೆ ಒರಗಿ ತೆರೆದ ಬಾಗಿಲಿನಿಂದ ಏಳನೇ ಠಾಣೆಯ ಕಡೆ ನೋಡುತ್ತಿದ್ದ.

ಅರ್ಧ ಗಂಟೆಯಲ್ಲಿ ಪೆಕ್ ಸಾಹೇಬ ಎದ್ದು ಕೂತ. ಹೊಟ್ಟೆ ತಣ್ಣಗಾಗಿತ್ತು. ಹೊಟ್ಟೆ ಮಾತ್ರವಲ್ಲ, ಇಡೀ ಮನುಷ್ಯನೇ ತಣ್ಣಗಾಗಿದ್ದ. ಬೆಳಗಿನಿಂದ ಬಿಗಿದಿದ್ದ ಮುಖದಲ್ಲಿ ನಗು ಅರಳಿತ್ತು. ಇದು ಯಾವ ಔಷಧ ಎಂದು ಕೇಳಿದ.

"ಬೆಟ್ಟದ ಬೇರು ಸಾರ್," ಎಂದ ಫೂಯೆ, ಕಣ್ಣು ಮಿಟುಕಿಸದೆ. "ಅಜ್ಜನ ಕಾಲದ್ದು."

ಇಂಥದ್ದು ತಮ್ಮ ಊರಿನಲ್ಲಿ ಇಲ್ಲವಲ್ಲ ಎಂದು ಸಾಹೇಬ ಮರುಗಿದ. ಅದಕ್ಕೇನಂತೆ, ಅತ್ತೆ ಇಡೀ ಡಬ್ಬಿಯನ್ನೇ ಅವನ ತೊಗಲಿನ ಚೀಲದೊಳಗೆ ಇಟ್ಟಳು. ರೋಗಿ ಮುಟ್ಟಿದ ಮದ್ದು ರೋಗಿಯದೇ, ಮಗಳಿಗೆ ಬೇರೆ ಕಟ್ಟಿದರಾಯಿತು. ತೂವಾನಿಗೆ ಕುಣಿಯಬೇಕೆನ್ನಿಸಿತು. ಬೆಳಗಿನಿಂದ ಬೆನ್ನು ಹತ್ತಿದ್ದ ಪೀಡೆ ತನಿಖೆಯವನ ಚೀಲದಲ್ಲೇ ಊರು ಬಿಡುತ್ತಿತ್ತು!

ಆದರೆ ಅತ್ತೆ ಕೈ ಚಾಚಿ ನಿಂತೇ ಇದ್ದಳು. "ಮದ್ದಿನ ದೈವಕ್ಕೆ ಏನಾದ್ರೂ ಕೊಡ್ಬೇಕು. ಇಲ್ಲದಿದ್ರೆ ಹೋದ ನೋವು ತಿರುಗಿ ಬರುತ್ತೆ ಅನ್ನು ಫೂಯೆ."

ಸಾಹೇಬ ಡಾಲರ್ ತೆಗೆದ. ಅತ್ತೆ ತಲೆ ಆಡಿಸಿದಳು. "ಕಾಗದ ಬೇಡ. ಒಂದು ಮಾತು ಕೊಡಲಿ. ಇವನು ನನ್ನ ಅಳಿಯ. ಹೊಟ್ಟೆ ಸುಟ್ಟ ಮನುಷ್ಯನ ಪಕ್ಕದಿಂದ ಕದಲಲಿಲ್ಲ, ಮದ್ದನ್ನ ಬೆಳಗಿಂದ ಪ್ರಾಣದ ಹಾಗೆ ಕಾಪಾಡಿದಾನೆ. ಇಂಥವನು ಮೂಟೆ ಹೊರೋದು ಅನ್ಯಾಯ. ಭುಜಕ್ಕೆ ಒಂದು ಪಟ್ಟಿ ಕೊಡಿಸ್ಬೇಕು ಅಂತ ಕರ್ನಲ್‌ಗೆ ಹೇಳಲಿ."

"ಅತ್ತೆ! ಬೇಡ! ಫೂಯೆ, ಹೇಳ್ಬೇಡ್ವೋ, ನಿನ್ನ ಕಾಲಿಗೆ ಬೀಳ್ತೀನಿ!"

"ನಾಚಿಕೆ ಅವನಿಗೆ," ಎಂದಳು ಅತ್ತೆ. ಫೂಯೆ ಆಗಲೇ ಇಂಗ್ಲಿಷಿಗೆ ತಿರುಗಿಸಿ ಮುಗಿಸಿದ್ದ.

ಸಂಜೆ ವಿಮಾನದ ಪಟ್ಟಿಯಲ್ಲಿ ಸಾಹೇಬನನ್ನು ಬೀಳ್ಕೊಡಲು ಎಲ್ಲರೂ ಸೇರಿದರು. ಗೋದಾಮಿನಲ್ಲಿ ಸಾಹೇಬನೇ ಬಿದ್ದುಕೊಂಡಿದ್ದರಿಂದ ನಲವತ್ತು ಮೂಟೆಗಳಿಗೆ ಕಣಿವೆಯಲ್ಲಿ ಎಲ್ಲೂ ಜಾಗ ಉಳಿದಿರಲಿಲ್ಲ. ಆದ್ದರಿಂದ ತೂವಾ ಅವನ್ನು ತನಿಖೆಯವನು ಎಂದೂ ತನಿಖೆ ಮಾಡದ ಒಂದೇ ಒಂದು ಜಾಗದಲ್ಲಿ, ಅವನ ವಿಮಾನದಲ್ಲೇ ಹೇರಿ ಮೇಲೊಂದು ತಾಡಪಾಲು ಹೊದಿಸಿದ್ದ.

ಪೆಕ್ ಸಾಹೇಬ ಕರ್ನಲ್‌ರ ಕೈ ಕುಲುಕಿದ. ಇಡೀ ಕಣಿವೆ ಜಾಲಾಡಿದರೂ ಒಂದು ಚೂರು ಅಫೀಮು ಕಾಣಿಸಲಿಲ್ಲ, ಹಾಗೆಯೇ ಬರೆಯುತ್ತೇನೆ ಎಂದ. ಆಮೇಲೆ ತೂವಾನ ಹೆಗಲ ಮೇಲೆ ಕೈಯಿಟ್ಟು, ಕೊಟ್ಟ ಮಾತು ಉಳಿಸಿಕೊಂಡ. ಡಬ್ಬಿ ತೆಗೆದು ಔಷಧವನ್ನೂ ತೋರಿಸಿದ.

ಕರ್ನಲ್ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದರು. ಮುಚ್ಚಳ ಹಾಕಿದರು. ಸಾಹೇಬನತ್ತ ನಕ್ಕರು.

"ಬಹಳ ಒಳ್ಳೆ ಮದ್ದು," ಎಂದರು. ಅದೇ ನಗುವಿನಲ್ಲಿ ತೂವಾನ ಕಡೆ ತಿರುಗಿದರು. "ಸಾಹೇಬರ ಮಾತು ಮೀರೋದುಂಟೇ? ನಾಳೆ ಬೆಳಿಗ್ಗೆಯಿಂದ ನೀನು ಹವಾಲ್ದಾರ. ಏಳನೇ ಠಾಣೆ."

ವಿಮಾನ ಮೇಲೆದ್ದಿತು. ಕಿಟಕಿಯಲ್ಲಿ ಸಾಹೇಬ ತೊಡೆಯ ಮೇಲೆ ಚೀಲವಿಟ್ಟುಕೊಂಡು ಕೈ ಬೀಸುತ್ತಿದ್ದ. ತೂವಾನಿಗೆ ಅಳು ಬಂತು. ಅತ್ತೆಗೂ ಬಂತು, ಅವಳದು ಆನಂದದ್ದು. ಮಡಿಲಿನಿಂದ ರಕ್ಷೆಯ ಬಿಳಿ ನೂಲು ತೆಗೆದು ಅಳಿಯನ ಮಣಿಕಟ್ಟಿಗೆ ಕಟ್ಟುತ್ತ, ಬುನ್ಮಿಯ ಅಂಗಡಿಯವರೆಗೆ ಕೇಳುವಂತೆ ಕೂಗಿದಳು:

"ನೋಡ್ಕೊಳ್ರೇ! ನಾಳೆಯಿಂದ ನನ್ನ ಅಳಿಯ ಮೂಟೆ ಹೊರೋದಿಲ್ಲ!"

"ಹೌದತ್ತೆ," ಎಂದ ತೂವಾ. "ಇನ್ನು ಬೇರೆಯವರು ನನ್ನ ಹೊರ್ತಾರೆ."